ಸೋತ ರಾಜನ ಕಡೆಯ ಇಪ್ಪತ್ತು ಅಂಗಿಗಳು

ದಪ್ಪ ಬಟ್ಟೆಯನ್ನು ಆರು ಪದರ ಮಡಚಿ ಕತ್ತರಿಸುವಾಗ ಬರುವ ಸದ್ದೇ ಬೇರೆ. ಕರ್ರ್ ಎಂದು ಎಳೆದುಕೊಂಡು ಹೋಗಿ, ಅಂಚು ಮುಟ್ಟಿದಾಗ ಟಕ್ ಎಂದು ಬಾಯಿ ಮುಚ್ಚುತ್ತದೆ. ಮೂರು ಚಳಿಗಾಲಗಳ ಹಿಂದೆ, ಬಹರೈನಿನ ಗುಫೂಲಿನಲ್ಲಿರುವ ನಮ್ಮ ಟೈಲರಿಂಗ್ ಅಂಗಡಿಯಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದ ಬಾಂಗಿನ ತನಕ ಇದೇ ಸದ್ದು. ನಾನು ಒಳಗಿನ ಕೋಣೆಯಲ್ಲಿ ಕಸೂತಿಯ ರಿಂಗ್ ಹಿಡಿದು ಕುಳಿತಿರುತ್ತಿದ್ದೆ. ಸದ್ದು ನಿಂತರೆ ಮಾಸ್ಟರ್ ಚಹಾ ಕುಡಿಯುತ್ತಿದ್ದಾರೆ ಎಂದು ಅರ್ಥ.

ಮಾಸ್ಟರ್ ಎಂದರೆ ನಮ್ಮ ಕಟಿಂಗ್ ಮಾಸ್ಟರ್, ಉಳ್ಳಾಲದ ಕಡೆಯ ಬ್ಯಾರಿ. ನನ್ನ ಜೊತೆ ಹತ್ತೊಂಬತ್ತು ವರ್ಷ ಕೆಲಸ ಮಾಡಿದವರು. ನಾನು ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು, ಆದ್ದರಿಂದ ಅವರ ಬಾಯಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೆ ‘ಬಾಯಮ್ಮ’.

ಆ ವರ್ಷ ನವೆಂಬರಿನಲ್ಲಿ ಬುದಯ್ಯದಲ್ಲಿ ವಿದೇಶಿಯರು ಇರುವ ಕಾಂಪೌಂಡಿನಿಂದ ಒಬ್ಬ ಇಂಗ್ಲಿಷ್ ಲೇಡಿ ಬಂದರು. ಇಲ್ಲಿನ ಇಂಗ್ಲಿಷಿನವರದ್ದೊಂದು ಹವ್ಯಾಸಿ ನಾಟಕದ ಗುಂಪು ಇತ್ತು, ಅದಕ್ಕೆ ಈಕೆಯೇ ಡೈರೆಕ್ಟರ್. ಜನವರಿಯಲ್ಲಿ ಬುದಯ್ಯದ ಒಂದು ತೋಟದ ಹುಲ್ಲಿನ ಮೇಲೆ ಬಾಸ್‌ವರ್ತ್ ಯುದ್ಧವನ್ನು ಆಡಿ ತೋರಿಸಬೇಕೆಂದು ಅವರ ಆಸೆ. ನಲವತ್ತೆರಡು ಜನ ಸೈನಿಕರಿಗೆ ಅಂಗಿ ಬೇಕು. ಫೈಲಿನಿಂದ ಚಿತ್ರಗಳನ್ನು ತೆಗೆದು ಮೇಜಿನ ಮೇಲೆ ಹರಡಿ, “ಇದು ಏನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ, ಡಿಯರ್,” ಎಂದರು.

ಗೊತ್ತಿತ್ತು. ನಮ್ಮ ಕಾನ್ವೆಂಟಿನಲ್ಲಿ ಹಿಸ್ಟರಿ ಹೇಳುತ್ತಿದ್ದ ಸಿಸ್ಟರ್ ಒಬ್ಬರು ಬೋರ್ಡಿನ ಮೇಲೆ ಮೂರು ಬಣ್ಣದ ಸೀಮೆಸುಣ್ಣದಲ್ಲಿ ಆ ಯುದ್ಧ ಬಿಡಿಸಿದ್ದರು. ಸಿಂಹಾಸನದಲ್ಲಿ ಕುಳಿತ ರಾಜ ಒಂದು ಕಡೆ. ಅದು ತನ್ನದೆಂದು ಸಮುದ್ರ ದಾಟಿ ಬಂದವನು ಇನ್ನೊಂದು ಕಡೆ. ಇಬ್ಬರ ನಡುವೆ ಒಬ್ಬ ಪ್ರಭು, ತಮ್ಮನೊಂದಿಗೆ ದಂಡು ಕಟ್ಟಿಕೊಂಡು ಯಾರ ಕಡೆಗೂ ಸೇರದೆ ದೂರ ನಿಂತವನು. ಕೊನೆಯ ಗಳಿಗೆಯಲ್ಲಿ ಆ ದಂಡು ಬಂದವನ ಕಡೆ ಬಿತ್ತು, ರಾಜ ಸತ್ತ. ಇಂಗ್ಲೆಂಡಿನಲ್ಲಿ ಒಂದು ವಂಶ ಮುಗಿದು ಇನ್ನೊಂದು ಬಂತು. ನಾನು ಇಷ್ಟು ಹೇಳಿದ ಮೇಲೆ ಡೈರೆಕ್ಟರ್ ಕುರ್ಚಿ ಎಳೆದುಕೊಂಡು ಸರಿಯಾಗಿ ಕುಳಿತರು.

ಈ ಆರ್ಡರ್ ನನಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಮೊದಲೇ ಹೇಳಬೇಕು. ಅಂಗಡಿಯ ಲೈಸೆನ್ಸ್ ನನ್ನ ಹೆಸರಲ್ಲಿಲ್ಲ, ನನಗಿಂತ ಹತ್ತು ವರ್ಷ ಚಿಕ್ಕವರಾದ ಒಬ್ಬ ಬಹರೈನಿ ಹೆಂಗಸಿನ ಹೆಸರಿನಲ್ಲಿದೆ. ಅವರೇ ನಮ್ಮೆಲ್ಲರ ಕಫೀಲ್, ನಮ್ಮ ವೀಸಾಗಳೆಲ್ಲ ಅವರ ಕೈಯಲ್ಲಿ. ಅಕ್ಟೋಬರಿನಲ್ಲಿ ಬಂದು, “ಈಗ ಎಲ್ಲರೂ ರೆಡಿಮೇಡ್ ತಗೊಳ್ತಾರೆ. ಈ ಚಳಿಗಾಲ ದೊಡ್ಡ ಕೆಲಸ ಏನಾದರೂ ಬಂದು ಚೆನ್ನಾಗಿ ಆದರೆ ಇನ್ನೊಂದು ಸಲ ರಿನ್ಯೂ ಮಾಡ್ತೇನೆ, ಇಲ್ಲದಿದ್ದರೆ ಖಲಾಸ್,” ಎಂದಿದ್ದರು. ಅಂಗಡಿ ಮುಚ್ಚಿದರೆ ಅರವತ್ತೆಂಟು ವರ್ಷದ ನನಗೆ ಇನ್ಯಾರು ವೀಸಾ ಕೊಡುತ್ತಾರೆ? ನನ್ನ ಯಜಮಾನರನ್ನು ಇಲ್ಲಿಯ ಮಣ್ಣಿನಲ್ಲೇ ಮಲಗಿಸಿದ್ದೇನೆ. ಪ್ರತಿ ಶುಕ್ರವಾರ ಮಾಸ್ ಮುಗಿಸಿ ಅಲ್ಲಿಗೆ ಹೋಗುವುದು ನನ್ನ ರೂಢಿ. ಊರಿಗೆ ಹೋದರೆ ಆ ಸಮಾಧಿಗೆ ನೀರು ಹಾಕುವವರು ಇಲ್ಲ. ಸೆಂಟಿಮೆಂಟಲ್ ಅನ್ನಿ, ನನ್ನ ಲೆಕ್ಕ ಅಷ್ಟೇ ಇತ್ತು.

ಕೆಲಸ ಅಳತೆಯಿಂದ ಶುರುವಾಯಿತು. ಮೂರು ಶುಕ್ರವಾರ ಸಂಜೆ ನಾಟಕದವರ ಹಾಲಿಗೆ ಹೋದೆವು. ಬ್ಯಾಂಕಿನವರು, ಟೀಚರುಗಳು, ಎಂಜಿನಿಯರುಗಳು ಒಬ್ಬೊಬ್ಬರಾಗಿ ಕೈ ಚಾಚಿ ನಿಂತರು. ಮಾಸ್ಟರ್ ಟೇಪ್ ಹಿಡಿದು ಎದೆ, ಭುಜ, ಸೊಂಟ, ತೋಳು ಎಲ್ಲವನ್ನೂ ಅಳೆದು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಅವರ ಬರಹ ಅವರಿಗೆ ಮಾತ್ರ ಗೊತ್ತು. ಉರ್ದು ಅಂಕಿ, ಪಕ್ಕದಲ್ಲಿ ಒಂದು ಗೀಟು, ಕೊಕ್ಕೆ, ಚುಕ್ಕಿ. ಭುಜ ಇಳಿದವನಿಗೆ ಒಂದು ಗುರುತು, ಹೊಟ್ಟೆ ಬಂದವನಿಗೆ ಇನ್ನೊಂದು. ಹೆಸರಿನ ಜಾಗದಲ್ಲೂ ಚಿತ್ರ. ಕನ್ನಡಕದವನಿಗೆ ಎರಡು ಸೊನ್ನೆ, ಬೋಳು ತಲೆಯವನಿಗೆ ಒಂದು ದೊಡ್ಡ ಸೊನ್ನೆ.

“ಮಾಸ್ಟ್ರೇ, ನಾನೊಂದು ಫೇರ್ ಕಾಪಿ ಬರೆದಿಡ್ತೇನೆ, ಕೊಡಿ,” ಎಂದೆ.

ಅವರು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡರು. “ಬಾಯಮ್ಮ, ಅಳತೆ ಪುಸ್ತಕ ಬೇರೆಯವರು ಓದುವ ಹಾಗಾದ್ರೆ ಮತ್ತೆ ಮಾಸ್ಟರ್ ಯಾಕೆ? ನನ್ನ ಉಸ್ತಾದರು ಸಾಯುವ ದಿನದವರೆಗೂ ನನಗೇ ಅವರ ಪುಸ್ತಕ ತೋರಿಸ್ಲಿಲ್ಲ.”

ಎಲ್ಲ ಹಳೇ ಮಾಸ್ಟರುಗಳೂ ಹೀಗೆಯೇ. ನಾನು ಒತ್ತಾಯ ಮಾಡಲಿಲ್ಲ. ಮೈ ಮಿಸ್ಟೇಕ್.

ಚಿತ್ರದಲ್ಲಿದ್ದ ಹಾಗೆ ರಾಜನ ಕಡೆಯ ಇಪ್ಪತ್ತು ಜನರಿಗೆ ಅರ್ಧ ನೀಲಿ, ಅರ್ಧ ಹಿಪ್ಪುನೇರಳೆ ಹಣ್ಣಿನ ಬಣ್ಣದ ಅಂಗಿ. ಬಂದವನ ಕಡೆಯ ಹನ್ನೆರಡು ಜನರಿಗೆ ಬಿಳಿ ಮತ್ತು ಹಸಿರು. ನಡುವೆ ನಿಂತ ಹತ್ತು ಜನರಿಗೆ ಕೆಂಪು. ರಾಜನವರ ಎದೆಯ ಮೇಲೆ ಅವನ ಲಾಂಛನ ಇರಬೇಕು. ಅದೊಂದು ಬಿಳಿ ಹಂದಿ. ಮಾಸ್ಟರ್ ಚಿತ್ರವನ್ನು ದೂರ ಹಿಡಿದು ನೋಡಿದರು.

“ನಿಮ್ಮ ರಾಜನಿಗೆ ಬೇರೆ ಪ್ರಾಣಿಯೇ ಸಿಗ್ಲಿಲ್ವಾ ಬಾಯಮ್ಮ?”

“ಕಾಡುಹಂದಿ ಮಾಸ್ಟ್ರೇ. ಧೈರ್ಯಕ್ಕೆ ಅಂತೆ.”

“ಎಂತ ಧೈರ್ಯವೋ. ಅದಕ್ಕೇ ಸೋತದ್ದು.” ನಕ್ಕು ಚಿತ್ರವನ್ನು ನನ್ನ ಕಡೆ ತಳ್ಳಿದರು. “ಅಂಗಿ ಎಷ್ಟು ಬೇಕಾದ್ರೂ ಕತ್ತರಿಸ್ತೇನೆ. ಇದಕ್ಕೆ ಮಾತ್ರ ನನ್ನ ಕೈ ಹಾಕ್ಸಬೇಡಿ.”

“ನಿಮಗೆ ಮಾಡ್ಲಿಕ್ಕೆ ಯಾರು ಹೇಳಿದ್ರು? ಅದು ನನ್ನ ಕೆಲಸ.” ಹಾಗೆಯೇ ನಡೆಯಿತು. ಇಪ್ಪತ್ತು ಹಂದಿಗಳನ್ನೂ ನಾನೇ ಒಳಗಿನ ಕೋಣೆಯಲ್ಲಿ ಪರದೆ ಎಳೆದುಕೊಂಡು ಕತ್ತರಿಸಿದೆ. ಬಿಳಿ ಕಾಟನಿನ ಹಿಂದೆ ಕ್ಯಾನ್ವಾಸ್ ಅಂಟಿಸಿ, ಅಂಚಿಗೆ ಸ್ಯಾಟಿನ್ ಸ್ಟಿಚ್, ಬೆನ್ನಿನ ಕೂದಲಿಗೆ ಬೂದು ದಾರದಲ್ಲಿ ಉದ್ದ ಗಿಡ್ಡ ಹೊಲಿಗೆ. ಒಂದಕ್ಕೆ ಅರ್ಧ ದಿನ. ತುಂಡು ಕೂಡ ಅವರ ಮೇಜಿನ ಮೇಲೆ ಬೀಳದ ಹಾಗೆ ನೋಡಿಕೊಂಡೆ.

ಕತ್ತರಿಸುತ್ತಾ ಅವರು ಕತೆ ಕೇಳುವರು. ನಾನು ಪರದೆಯ ಈಚೆಯಿಂದ ಹೇಳುವೆ. ನಡುವೆ ನಿಂತ ಪ್ರಭುವಿನ ಮಗನನ್ನು ರಾಜ ತನ್ನ ಡೇರೆಯಲ್ಲಿ ಒತ್ತೆ ಇಟ್ಟುಕೊಂಡಿದ್ದ, ‘ನನ್ನ ಕಡೆ ಬಾರದಿದ್ದರೆ ಮಗನ ತಲೆ ತೆಗೆಯುತ್ತೇನೆ’ ಎಂದು ಹೇಳಿ ಕಳಿಸಿದ. ಆ ಪ್ರಭು, ‘ನನಗೆ ಬೇರೆ ಮಕ್ಕಳೂ ಇದ್ದಾರೆ’ ಎಂದು ತಿರುಗಿ ಹೇಳಿಸಿದನಂತೆ ಎಂದೆ.

ಕತ್ತರಿ ನಿಂತಿತು. “ಹಾಗೆ ಹೇಳುವವನು ತಂದೆಯಾ? ಎಷ್ಟು ಮಕ್ಕಳಿದ್ರೂ ಪ್ರತಿಯೊಬ್ಬನೂ ಒಬ್ಬನೇ ಮಗ ಬಾಯಮ್ಮ.” ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರು, “ಮಗ ಉಳಿದನಾ?”

“ಉಳಿದ.”

“ಹಾಗಾದ್ರೆ ಸರಿ,” ಎಂದು ಮತ್ತೆ ಕತ್ತರಿಸತೊಡಗಿದರು. ರಾಜ ಮೋಸಹೋದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಡಿಸೆಂಬರ್ ಮೂರನೇ ವಾರ ಒಂದು ಪೆಟ್ಟು ಬಿತ್ತು. ಮನಾಮಾದ ಸೂಕ್ ಪೇಟೆಯಿಂದ ತಂದ ಹಿಪ್ಪುನೇರಳೆ ಬಣ್ಣದ ಬಟ್ಟೆಯನ್ನು ನೆನೆಸದೆ ಕತ್ತರಿಸಿದ್ದೆವು. ಮೊದಲ ಅಂಗಿಯನ್ನು ಇಸ್ತ್ರಿ ಮಾಡುವಾಗ ನೀರು ಚಿಮುಕಿಸಿದರೆ ಆ ಅರ್ಧ ಎರಡು ಇಂಚು ಕುಗ್ಗಿತು, ನೀಲಿ ಅರ್ಧ ಹಾಗೆಯೇ ಉಳಿಯಿತು. ಅಂಗಿ ಒಂದು ಬದಿಗೆ ವಾಲಿ, ಪಾರ್ಶ್ವವಾಯು ಬಡಿದವನ ಹಾಗೆ ನಿಂತಿತು. ಮಾಸ್ಟರಿಗೆ ನಗು, ನನಗೆ ಅಳು. ಕತ್ತರಿಸಿದ ಏಳು ಅಂಗಿಯ ತುಂಡು ಹಾಳು. ಉಳಿದ ಬಟ್ಟೆಯನ್ನೆಲ್ಲ ಟಬ್ಬಿನಲ್ಲಿ ನೆನೆಸಿ, ಟೆರೇಸಿನ ಮೇಲೆ ಎರಡು ದಿನ ಒಣಗಿಸಿ, ಇಸ್ತ್ರಿ ಮಾಡಿ, ಪುನಃ ಗುರುತು ಹಾಕಲು ತಂದು ಮೇಜಿನ ಮೇಲಿಟ್ಟೆ. ಅದು ಗುರುವಾರ. ಹಮದ್ ಟೌನಿನಲ್ಲಿ ಸಂಬಂಧಿಕರನ್ನು ನೋಡಬೇಕೆಂದು ಮಾಸ್ಟರ್ ಬೇಗ ಹೊರಟರು.

ಶುಕ್ರ, ಶನಿಯ ರಜೆ ಮುಗಿದು ಭಾನುವಾರ ಬೆಳಿಗ್ಗೆ ನಾನು ಬಂದಾಗ ಶಟರ್ ತೆರೆದಿತ್ತು. ನಮ್ಮಲ್ಲಿ ಮೆಷಿನ್ ಹೊಲಿಯುವ ಬಾಂಗ್ಲಾ ಟೈಲರ್ ಕೈ ಕಟ್ಟಿಕೊಂಡು ನಿಂತಿದ್ದ. ಮಾಸ್ಟರರ ಕತ್ತರಿ ಇಲ್ಲ. ಡ್ರಾಯರಿನಲ್ಲಿ ಅಳತೆ ಪುಸ್ತಕ ಇಲ್ಲ. ಗೋಡೆಯ ಮೊಳೆಗೆ ನೇತು ಹಾಕಿದ್ದ ಕಂದು ಕಾಗದದ ಮಾದರಿಗಳೂ ಇಲ್ಲ. ಮೊಳೆ ಮಾತ್ರ ಇತ್ತು. ಫೋನ್ ಮಾಡಿದರೆ ಸ್ವಿಚ್ ಆಫ್.

ಮಧ್ಯಾಹ್ನ ಡೈರೆಕ್ಟರ್ ಫೋನ್ ಮಾಡಿದರು. ಹಮದ್ ಟೌನಿನ ಒಂದು ಟೈಲರಿಂಗ್ ಅಂಗಡಿಯವರು ಮಾತಾಡಿದ್ದರಂತೆ. ಅಳತೆಯೆಲ್ಲ ತಮ್ಮಲ್ಲಿಯೇ ಇದೆ, ಹೇಳಿದರೆ ಈಗಲೇ ಶುರು ಮಾಡುತ್ತೇವೆ ಎಂದಿದ್ದರಂತೆ. “ಕೆಂಪು ಮತ್ತು ಹಸಿರಿನದ್ದು ಅವರಿಗೆ ಕೊಟ್ಟುಬಿಟ್ಟೆ. ಇಟ್ ಸೀಮ್ಡ್ ಸೆನ್ಸಿಬಲ್, ಡಿಯರ್. ರಾಜನದ್ದು ನಿಮ್ಮ ಹತ್ತಿರವೇ ಇರಲಿ. ಜನವರಿ ಹತ್ತನೇ ತಾರೀಕಿಗೆ ಸಿಗದಿದ್ದರೆ ಅದೂ ಅವರಿಗೇ.”

ಟ್ಯಾಕ್ಸಿ ಮಾಡಿಕೊಂಡು ಹಮದ್ ಟೌನಿಗೆ ಹೋದೆ. ಅಲ್ಲಿಯ ರೌಂಡ್‌ಅಬೌಟುಗಳು ಒಂದರ ಹಾಗೆ ಇನ್ನೊಂದು, ಮೂರು ಸಲ ಸುತ್ತಿದ ಮೇಲೆ ಅಂಗಡಿ ಸಿಕ್ಕಿತು. ದೊಡ್ಡ ಗಾಜಿನ ಅಂಗಡಿ, ಹೊಸ ಮೇಜು. ಅದರ ಹಿಂದೆ ನಮ್ಮ ಮಾಸ್ಟರ್ ಕೆಂಪು ಬಟ್ಟೆಗೆ ಚಾಕ್ ಹಾಕುತ್ತಾ ನಿಂತಿದ್ದರು. ನನ್ನನ್ನು ಕಂಡು ಚಾಕ್ ಇಟ್ಟು ಸ್ಟೂಲ್ ಎಳೆದುಕೊಟ್ಟರು.

“ಕೂತ್ಕೊಳ್ಳಿ ಬಾಯಮ್ಮ. ಚಹಾ ತರಿಸ್ತೇನೆ.”

“ಚಹಾ ಬೇಡ. ಹತ್ತೊಂಬತ್ತು ವರ್ಷ ಆಯ್ತು ಮಾಸ್ಟ್ರೇ. ಒಂದು ಮಾತು ಹೇಳಿ ಹೋಗಬಹುದಿತ್ತು.”

“ಹೇಳಿದ್ರೆ ಹೋಗ್ಲಿಕ್ಕೆ ಆಗ್ತಿರಲಿಲ್ಲ.” ಅವರು ನನ್ನ ಚಪ್ಪಲಿಯ ಕಡೆ ನೋಡುತ್ತಿದ್ದರು. “ಮಗನಿಗೆ ವೀಸಾ ಇವರು ಕೊಟ್ಟದ್ದು. ಡ್ರೈವರ್ ಕೆಲಸ. ಎರಡು ವರ್ಷದಿಂದ ಊರಲ್ಲಿ ಕೂತಿದ್ದ, ಎರಡು ಸಣ್ಣ ಮಕ್ಕಳು ಅವನಿಗೆ. ನಾನು ಬಂದ್ರೆ ಮಾತ್ರ ಅಂತ ಹೇಳಿದ್ರು. ಎಂತ ಮಾಡುದು ಹೇಳಿ? ನಿಮ್ಮ ಮೇಲೆ ನನಗೆ ಎಂತ ದೂರೂ ಇಲ್ಲ.”

“ಆ ಪುಸ್ತಕ ಕೊಡಿ. ರಾಜನ ಇಪ್ಪತ್ತು ಜನರದ್ದು ಮಾತ್ರ ಸಾಕು.”

“ಕೊಡ್ಲಿಕ್ಕೆ ಆಗುದಿಲ್ಲ. ನೀವು ಬರ್ಕೊಳ್ಳಿ, ನಾನು ಓದಿ ಹೇಳ್ತೇನೆ.” ಪುಸ್ತಕ ತೆರೆದು, ಎರಡು ಸೊನ್ನೆಯವನ ಎದೆ ನಲವತ್ತೆರಡು, ಭುಜ ಹದಿನೆಂಟು ಎಂದರು. ನಾನು ಬ್ಯಾಗಿನಿಂದ ಪೆನ್ನು ತೆಗೆದು ಬರೆದೆ. ಮೂರನೆಯವನ ಸೊಂಟಕ್ಕೆ ಬರುವಾಗ ಒಳಗಿನಿಂದ ಅಂಗಡಿಯ ಯಜಮಾನ ಬಂದ. ಮಾಸ್ಟರ್ ಪುಸ್ತಕ ಮುಚ್ಚಿದರು. “ಇವರು ಕಸ್ಟಮರ್,” ಎಂದು ಹಿಂದಿಯಲ್ಲಿ ಹೇಳಿ, ಕತ್ತರಿ ಎತ್ತಿಕೊಂಡು ಕೆಂಪು ಬಟ್ಟೆಯ ಮೇಲೆ ಬಗ್ಗಿದರು. ನಾನು ಹೊರಗೆ ಬರುವ ತನಕ ತಲೆ ಎತ್ತಲಿಲ್ಲ.

ಇಷ್ಟು ಸಹಿಸಬಹುದಿತ್ತು. ಮಗನ ವಿಷಯ ನನಗೂ ಅರ್ಥವಾಗುತ್ತದೆ. ಮೂರು ದಿನದ ಮೇಲೆ ಕಫೀಲ್ ಫೋನ್ ಮಾಡಿದರು, ದನಿ ತಣ್ಣಗೆ ಇತ್ತು.

“ಮಾಸ್ಟರ್ ಬಂದಿದ್ದ. ಬೇರೆ ಕಡೆ ಸೇರಲು ನನ್ನಿಂದ ರಿಲೀಸ್ ಕಾಗದ ಬೇಕಂತೆ. ಹತ್ತೊಂಬತ್ತು ವರ್ಷದ ಮೇಲೆ ಯಾಕೆ ಅಂತ ಕೇಳಿದೆ. ನೀನು ಅವನ ಕೈಯಲ್ಲಿ ಹಂದಿ ಹೊಲಿಸಿದೆಯಂತೆ.”

ಫೋನ್ ಹಿಡಿದುಕೊಂಡು, ಪರದೆಯ ಹಿಂದೆ ನನ್ನ ಸ್ಟೂಲಿನ ಸುತ್ತ ಬಿದ್ದಿದ್ದ ಬಿಳಿ ಚೂರುಗಳನ್ನು ನೋಡಿದೆ. ಕೊನೆಗೆ, “ನೀವೇ ಬಂದು ನೋಡಿ ಮೇಡಂ,” ಎಂದೆ. “ನೋಡ್ತೇನೆ. ಹಾಗೆ ಮಾಡಿದ್ದರೆ ಲೈಸೆನ್ಸಿನ ಮಾತೇ ಇಲ್ಲ,” ಎಂದು ಅವರು ಫೋನ್ ಇಟ್ಟರು.

ಬಿಟ್ಟು ಹೋಗುವುದು ಬೇರೆ. ಆದರೆ ಈ ಮನುಷ್ಯನ ರೋಜಾ ಉಪವಾಸದ ತಿಂಗಳಲ್ಲಿ ನಾನು ಅಂಗಡಿಯೊಳಗೆ ಒಂದು ಗುಟುಕು ನೀರು ಕುಡಿದವಳಲ್ಲ. ಅವರ ನಮಾಜಿನ ಚಾಪೆಯನ್ನು ಪ್ರತಿ ವಾರ ನಾನೇ ಒಗೆಸುತ್ತಿದ್ದೆ. ಅದೇ ಜಾಗ ಹುಡುಕಿ ಚುಚ್ಚಿದರಲ್ಲ.

ಹತ್ತನೇ ತಾರೀಕಿಗೆ ಎರಡೂವರೆ ವಾರ. ಪುನಃ ಅಳೆಯೋಣವೆಂದರೆ ನಾಟಕದವರಲ್ಲಿ ಮುಕ್ಕಾಲು ಪಾಲು ಕ್ರಿಸ್ಮಸ್ಸಿಗೆ ಇಂಗ್ಲೆಂಡಿಗೆ ಹೋಗಿದ್ದಾರೆ, ಏಳನೇ ತಾರೀಕಿನ ನಂತರ ಬರುತ್ತಾರೆ. ಇನ್ನೊಬ್ಬ ಮಾಸ್ಟರನ್ನು ಕರೆಸೋಣವೆಂದರೆ ಅಳತೆಯಿಲ್ಲದೆ ಅವನೇನು ಮಾಡುತ್ತಾನೆ? ಕ್ರಿಸ್ಮಸ್ ಪೂಜೆಗೆ ಹೋದವಳು ಪಾದ್ರಿಯ ಪ್ರಸಂಗದ ಮೇಲೆ ಮನಸ್ಸಿಲ್ಲದೆ, ಹಾಡುವ ಕಾಯರಿನವರ ಬಿಳಿ ನಿಲುವಂಗಿಗಳನ್ನೇ ನೋಡುತ್ತಾ ಕುಳಿತೆ. ಕಾನ್ವೆಂಟಿನಲ್ಲಿ ನಾವು ಹುಡುಗಿಯರೇ ಅವನ್ನು ಹೊಲಿಯುತ್ತಿದ್ದೆವು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮೂಲೆಯಲ್ಲಿ ಊಟದ ತಟ್ಟೆ ಇಟ್ಟು ಕುತ್ತಿಗೆ ಗೀಚಿ, ಒಂದೇ ಕತ್ತರಿ. ಯಾರನ್ನೂ ಅಳೆದದ್ದಿಲ್ಲ. ಸಣ್ಣದು, ನಡುವಿನದ್ದು, ದೊಡ್ಡದು, ಮೂರೇ ಸೈಜು.

ಮರುದಿನವೇ ಡೈರೆಕ್ಟರಿಗೆ ಫೋನ್ ಮಾಡಿ, ಹೆದರುತ್ತಲೇ ಕೇಳಿದೆ. ತೋಳಿಲ್ಲದೆ, ಬದಿ ತೆರೆದು ಲಾಡಿಯಿಂದ ಕಟ್ಟುವ ಸಡಿಲ ಅಂಗಿಯಾದರೆ ಆಗುತ್ತದೆಯೇ?

“ಅವು ಇದ್ದದ್ದೇ ಹಾಗಲ್ಲವೇ ಡಿಯರ್,” ಎಂದರು ಆಕೆ. “ಮೂಟೆಗಟ್ಟಲೆ ಹಂಚುತ್ತಿದ್ದರು. ಸೈನಿಕನನ್ನು ಯಾರು ಅಳೆಯುತ್ತಾರೆ? ನೀವಿಬ್ಬರೂ ಟೇಪ್ ಹಿಡಿದು ಬಂದಾಗ ನನಗೆ ಆಶ್ಚರ್ಯವಾಗಿತ್ತು. ಹೌ ವೆರಿ ಥರೋ, ಎಷ್ಟು ಅಚ್ಚುಕಟ್ಟು, ಅಂದುಕೊಂಡೆ.”

ಟೈಲರುಗಳೆಂದ ಮೇಲೆ ಅಳೆಯದೆ ಕತ್ತರಿಸುವುದು ಎಂಬ ಯೋಚನೆಯೇ ನಮಗಿಬ್ಬರಿಗೂ ಬಂದಿರಲಿಲ್ಲ. ಮಾಸ್ಟರ್ ಕದ್ದು ಒಯ್ದ ಪುಸ್ತಕ ಈ ಕೆಲಸಕ್ಕೆ ಬೇಕೇ ಇರಲಿಲ್ಲ.

ಮೇಜು ಎತ್ತರ, ನಾನು ಗಿಡ್ಡ. ಕಾಲಡಿಗೆ ದಾರದ ಪೆಟ್ಟಿಗೆ ಇಟ್ಟುಕೊಂಡು, ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ನಾನೇ ಕತ್ತರಿಸಿದೆ. ನಾಲ್ಕು ಪದರಕ್ಕಿಂತ ಹೆಚ್ಚು ನನ್ನಿಂದ ಆಗುತ್ತಿರಲಿಲ್ಲ. ಮೊದಲು ನೀಲಿ ಮತ್ತು ಹಿಪ್ಪುನೇರಳೆಯನ್ನು ನಡುವೆ ಜೋಡಿಸಿ ಹೊಲಿದು, ಆಮೇಲೆ ಮಡಚುವುದು, ತಟ್ಟೆ ಇಡುವುದು, ಕತ್ತರಿಸುವುದು. ಬಾಂಗ್ಲಾ ಟೈಲರ್ ಒಳಗೆ ಕೋರಾ ಬಟ್ಟೆಯ ಲೈನಿಂಗ್ ಕೊಟ್ಟು, ಪ್ರತಿ ಬದಿಗೆ ಮೂರು ಜೊತೆ ಲಾಡಿ ಹಾಕಿದ. “ಅಮ್ಮಾ, ಈಗ ನೀವೇ ಮಾಸ್ಟರ್, ನನಗೆ ಬೈಯಬೇಕು,” ಎಂದ. “ಬೈಯುವಷ್ಟು ಉಸಿರಿಲ್ಲ, ನೀನೇ ಬೈದುಕೋ,” ಎಂದೆ. ಕೊನೆಗೆ ಹಂದಿ ಕೂರಿಸುವ ಕೆಲಸ ನನ್ನದು. ಬಲಗೈ ಹೆಬ್ಬೆರಳಿಗೆ ಬಂದ ಗಂಟು ಇವತ್ತಿಗೂ ಇಳಿದಿಲ್ಲ.

ಹದಿನಾಲ್ಕನೇ ಅಂಗಿಯ ದಿನ ಕಫೀಲ್ ಹೇಳದೆ ಬಂದರು. ಅಬಾಯ ಎತ್ತಿ ಹಿಡಿದು ನೇರ ಒಳಗಿನ ಕೋಣೆಗೆ ಬಂದು, ಪರದೆ, ಸ್ಟೂಲು, ರಿಂಗ್, ಬುಟ್ಟಿಯಲ್ಲಿ ಉಳಿದ ಆರು ಹಂದಿಗಳನ್ನು ನೋಡಿದರು. ಬಾಂಗ್ಲಾ ಟೈಲರನ್ನು ಕರೆದು, “ಇದನ್ನು ಯಾರು ಹೊಲಿದದ್ದು?” ಎಂದು ಕೇಳಿದರು. ಅವನು ಆಣೆ ಇಡುವಂತೆ ಗಡ್ಡ ಮುಟ್ಟಿಕೊಂಡು, “ವಲ್ಲಾ, ಅಮ್ಮ ನಮಗೆ ಈ ಪರದೆ ದಾಟಲೂ ಬಿಡುವುದಿಲ್ಲ,” ಎಂದ. ಅವರು ಒಂದು ಹಂದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಂದೆ ತಿರುಗಿಸಿ ಹೊಲಿಗೆ ನೋಡಿದರು. ಒಳ್ಳೆಯ ಕಸೂತಿಯನ್ನು ಹಿಂದಿನಿಂದ ನೋಡಬೇಕೆಂದು ಗೊತ್ತಿದ್ದ ಹೆಂಗಸು. “ಸಾಫ್ ಕೆಲಸ,” ಎಂದು ಬುಟ್ಟಿಯಲ್ಲಿಟ್ಟು, ಕೈ ತೊಳೆಯಲು ನೀರು ಕೇಳಿದರು.

ಒಂಬತ್ತನೇ ತಾರೀಕಿಗೆ ಇಪ್ಪತ್ತು ಅಂಗಿ ಕೊಟ್ಟೆವು. ಆಟದ ದಿನ ಬುದಯ್ಯದ ತೋಟದಲ್ಲಿ ಸಮುದ್ರದ ಗಾಳಿ. ಹಮದ್ ಟೌನಿನ ಕೆಂಪು ಅಂಗಿಗಳು ಒಬ್ಬೊಬ್ಬನ ಮೈಗೂ ಅಚ್ಚು ಹೊಯ್ದ ಹಾಗೆ ಕುಳಿತಿದ್ದವು. ಮಾಸ್ಟರರ ಕೈ ಅಲ್ಲವೇ, ಭುಜ ನೋಡಿದರೇ ಗೊತ್ತಾಗುತ್ತಿತ್ತು. ನನ್ನವು ಸಡಿಲವಾಗಿ ಗಾಳಿಗೆ ಉಬ್ಬುತ್ತಿದ್ದವು. ಬಿಗಿಯಂಗಿಯವರು ಕತ್ತಿ ಎತ್ತಲಾಗದೆ ಪರದಾಡಿದರು, ಇಬ್ಬರ ಕಂಕುಳು ಹರಿಯಿತು. ಆದರೂ ಕತೆ ಕತೆಯೇ. ಕೆಂಪಿನವರು ಓಡಿ ಬಂದು ರಾಜನ ಮೇಲೆ ಬಿದ್ದರು, ನನ್ನ ಇಪ್ಪತ್ತು ಹಂದಿಗಳು ಒಂದೊಂದಾಗಿ ಹುಲ್ಲಿಗೆ ಉರುಳಿದವು.

ಪಕ್ಕದ ಕುರ್ಚಿಯಲ್ಲಿ ಕಫೀಲ್ ಇದ್ದರು. ಚಪ್ಪಾಳೆ ಮುಗಿದ ಮೇಲೆ, “ಲೈಸೆನ್ಸ್ ಮಾಡಿಸ್ತೇನೆ,” ಎಂದರು. ನಾನು ಥ್ಯಾಂಕ್ಸ್ ಹೇಳುವ ಮೊದಲೇ ದನಿ ತಗ್ಗಿಸಿ, “ಆ ಮಾಸ್ಟರ್ ಇನ್ನೂ ನನ್ನ ವೀಸಾದಲ್ಲೇ ಇದ್ದಾನೆ. ಓಡಿಹೋದ ಅಂತ ಬರೆದುಕೊಟ್ಟರೆ ಅವನನ್ನು ಊರಿಗೆ ಕಳಿಸ್ತಾರೆ, ಮತ್ತೆ ಬರಲಾಗದು. ಅವನು ನನಗೂ ಸುಳ್ಳು ಹೇಳಿದ. ಬರೆದುಕೊಡ್ಲಾ, ರಿಲೀಸ್ ಕೊಡ್ಲಾ? ನೀನು ಹೇಳಿದ ಹಾಗೆ,” ಎಂದರು.

ನಾಲ್ಕು ದಿನ ಉತ್ತರ ಕೊಡಲಿಲ್ಲ. ನಾನು ದೊಡ್ಡ ಮನಸ್ಸಿನವಳೆಂದು ಯಾರೂ ತಿಳಿಯಬಾರದು. ಹಮದ್ ಟೌನಿನ ಆ ಗಾಜಿನ ಅಂಗಡಿಯಿಂದ ಅವರನ್ನು ಪೊಲೀಸರು ಕರೆದುಕೊಂಡು ಹೋಗುವುದನ್ನು ಕಣ್ಣು ಮುಚ್ಚಿ ಊಹಿಸಿಕೊಂಡೆ. ಬಹಳ ಚೆನ್ನಾಗಿ ಊಹಿಸಿಕೊಂಡೆ, ಅವರ ಮಗ ಬಾಗಿಲಲ್ಲಿ ನಿಂತದ್ದನ್ನೂ ಸೇರಿಸಿ. ಅಷ್ಟು ಖುಷಿ ಕೊಡುತ್ತದೆಂದು ಗೊತ್ತಿರಲಿಲ್ಲ. ಆಗಲೇ ನನಗೆ ನನ್ನ ಬಗ್ಗೆ ಹೆದರಿಕೆಯಾದದ್ದು. ಐದನೇ ದಿನ ಕಫೀಲಿಗೆ ರಿಲೀಸ್ ಕೊಡಿ ಎಂದೆ.

ಕಾಗದ ನನ್ನ ಕೈಯಿಂದಲೇ ಕೊಡಬೇಕೆಂದು ಕಫೀಲ್ ಹಟ ಹಿಡಿದರು. ಒಂದು ಬೆಳಿಗ್ಗೆ ಮಾಸ್ಟರ್ ಗುಫೂಲಿಗೆ ಬಂದರು. ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು, ಒಳಗೆ ಬಾರದೆ ನಿಂತರು. ರಸ್ತೆಯಾಚೆ ವ್ಯಾನಿನಲ್ಲಿ ಮಗ. ನಾನು ಲಕೋಟೆ ಕೊಟ್ಟೆ. ಅವರು ತೆರೆದು ನೋಡದೆ ಅಂಗಿಯ ಒಳ ಕಿಸೆಯಲ್ಲಿಟ್ಟರು.

“ಒಂದು ಕೇಳ್ತೇನೆ ಮಾಸ್ಟ್ರೇ. ಹಂದಿಯ ಮಾತು ಯಾಕೆ ಹೇಳಿದ್ರಿ?”

ಮಗ ಒಮ್ಮೆ ಹಾರ್ನ್ ಹಾಕಿದ, ಅವರು ತಿರುಗದೆ ಕೈ ಎತ್ತಿ ಅವನನ್ನು ತಡೆದರು.

“ಕಾರಣ ಇಲ್ಲದೆ ರಿಲೀಸ್ ಕೊಡುದಿಲ್ಲ ಅಂದ್ರು ಮೇಡಂ. ಇಡೀ ದಿನ ಯೋಚನೆ ಮಾಡಿದೆ ಬಾಯಮ್ಮ. ನಿಮ್ಮಲ್ಲಿ ಬೇರೆ ಒಂದು ತಪ್ಪು ಸಿಗ್ಲಿಲ್ಲ ನನಗೆ.”

ಅವರು ಚಪ್ಪಲಿ ಮೆಟ್ಟಿಕೊಂಡು, ಎರಡೂ ಕಡೆ ನೋಡಿ, ನಿಧಾನವಾಗಿ ರಸ್ತೆ ದಾಟಿದರು. ಮಗ ಒಳಗಿನಿಂದ ಬಾಗಿಲು ತೆರೆದುಕೊಟ್ಟ. ನಾನು ಅವರನ್ನು ನೋಡಿದ್ದು ಅದೇ ಕೊನೆ.